ಒಂದು ಮೊತ್ತಿ ಸೌದೆ

ಜನವರಿಯಲ್ಲಿ ಕಾಯಾನಿಯ ಲೈಬ್ರರಿಗೆ
ಎರಡೂವರೆಗೇ ದೀಪ ಹಾಕುತ್ತೇನೆ.
ಸೈಮಿ ಬಂದು ಕೂತಾಗ ಅವಳ ಬೂಟಿನ ಹಿಮ
ಒರೆಸಿದ ನೆಲದ ಮೇಲೆ ಎರಡು ಕೆರೆ ಮಾಡಿತು.
ಶುಕ್ರವಾರದೊಳಗೆ ವಿಷಯ ಕೊಡಬೇಕಂತೆ:
ಎರಡು ಯುದ್ಧ, ಒಂದು ತಂತ್ರ, ಹನ್ನೆರಡು ಪುಟ,
ಅಡಿಟಿಪ್ಪಣಿ ಕಡ್ಡಾಯ.

ನೋಟ್‌ಬುಕ್ಕಿನ ತುಂಬ ಹೊಡೆದು ಹಾಕಿದ ಸಾಲುಗಳು.
ಕಾನೇಯಲ್ಲಿ ಸುತ್ತುವರಿದದ್ದು, ಸ್ತಾಲಿನ್‌ಗ್ರಾದಿನಲ್ಲಿ ಸುತ್ತುವರಿದದ್ದು:
"ಹೋದ ವರ್ಷ ಮೂವರು ಬರೆದಿದ್ದಾರೆ."
ಕೋಟೆಗೆ ಮುತ್ತಿಗೆ, ಊರಿಗೆ ಮುತ್ತಿಗೆ:
"ಹನ್ನೆರಡು ಪುಟಕ್ಕೆ ಹಿಡಿಸುವುದಿಲ್ಲ."
ಹಿಮ್ಮೆಟ್ಟುವುದೂ ಒಂದು ತಂತ್ರವೇ?
ಇದರ ಮುಂದೆ ಏನೂ ಇಲ್ಲ,
ಪೆನ್ಸಿಲ್ಲಿನ ಮೊನೆ ಮುರಿದ ಚುಕ್ಕೆ ಮಾತ್ರ.

ನಾನು ಪುಸ್ತಕ ತಂದು ಪೇರಿಸಿದೆ.
ಗೆದ್ದ ದಂಡನಾಯಕರು ಬರೆದದ್ದು ದಪ್ಪ,
ಸೋತವರು ಬರೆದದ್ದು ಇನ್ನೂ ದಪ್ಪ.
ನಕಾಶೆಗಳಲ್ಲಿ ಕೆಂಪು ಬಾಣ, ನೀಲಿ ಬಾಣ.
ಬಾಣಕ್ಕೆ ಚಳಿಯಾಗುವುದಿಲ್ಲ,
ಬಾಣ ಉಚ್ಚೆ ಹೊಯ್ಯಲು ಮರದ ಮರೆಗೆ ಹೋಗುವುದಿಲ್ಲ.
ಭೂಮಂಡಲದ ರಣರಂಗಗಳೆಲ್ಲ ಅವಳೆದುರು
ಸಂತೆಗೆ ತಂದ ಕುದುರೆಗಳ ಹಾಗೆ ಸಾಲಾಗಿ ನಿಂತಿದ್ದವು;
ಒಂದರ ಹಲ್ಲೂ ಅವಳಿಗೆ ಸರಿ ಕಾಣಲಿಲ್ಲ.

ಆ ಹೊತ್ತಿಗೆ ಹಿಂಬಾಗಿಲಲ್ಲಿ ಔಲಿಸ್,
ನನ್ನ ಮನೆಗೆ ಸೌದೆ ಹಾಕುವ ಮುದುಕ.
"ಈ ಸಲ ಎಷ್ಟು ಮೊತ್ತಿ?"

ಮೊತ್ತಿ ಅಂದರೆ ನಮ್ಮಲ್ಲಿ ಸೌದೆಯ ಅಳತೆ,
ಒಂದು ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ.
ಒಟ್ಟಿ ಇಟ್ಟರಾಯಿತು, ಬಿಡುವಾದಾಗ ಸೀಳಿಕೊಳ್ಳಬಹುದು.
ಆ ಯುದ್ಧದ ಚಳಿಗಾಲದಲ್ಲಿ
ರಾತೆಯ ಕಾಡುರಸ್ತೆ ಹಿಡಿದು ಮೈಲಿಗಟ್ಟಲೆ ಬಂದ ಸೈನ್ಯವನ್ನು
ತುಂಡು ತುಂಡು ಮಾಡಿ, ಸುತ್ತ ಮುಚ್ಚಿ,
ಆ ತುಂಡಿಗೂ ನಮ್ಮವರು ಅದೇ ಹೆಸರಿಟ್ಟರು.
ಇದು ಇಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು.
ಗೊತ್ತಿರುವುದರಿಂದಲೇ ಯಾರ ಕಿವಿಗೂ ಬೀಳುವುದಿಲ್ಲ.

ಇವತ್ತು ಸೈಮಿಯ ಕಿವಿಗೆ ಬಿತ್ತು.
"ಒಳಗೆ ಸಿಕ್ಕಿಬಿದ್ದವರು ಏನು ತಿಂದರು?"
ಕೇಳಿದ್ದು ಸೌದೆಯವನನ್ನು, ನನ್ನನ್ನಲ್ಲ.

ಔಲಿಸ್ ಟೋಪಿ ತೆಗೆದ.
"ಅಪ್ಪ ಒಂದೇ ಒಂದು ಸಲ ಹೇಳಿದ.
ಮೊದಲು ಗುರಿಯಿಟ್ಟದ್ದು ಫಿರಂಗಿಗಲ್ಲ, ಅಡುಗೆ ಬಂಡಿಗೆ.
ಹೊಗೆ ಎಲ್ಲಿ ಏಳುತ್ತದೋ ಅಲ್ಲಿಗೆ.
ಹಂಡೆ ಉರುಳಿತು. ಸಾರು ಹಿಮದ ಮೇಲೆ ಹರಿದು
ನೋಡನೋಡುತ್ತ ಹೆಪ್ಪುಗಟ್ಟಿತು.
ಆ ಹುಡುಗರು ಅದನ್ನು ಬಯೊನೆಟ್ಟಿನಿಂದ ಕೆತ್ತಿ ತಿನ್ನುವುದನ್ನು
ಅಪ್ಪ ಮರದ ಹಿಂದೆ ನಿಂತು ನೋಡಿದನಂತೆ.
ಗುಂಡು ಹಾರಿಸಿದನೋ ಇಲ್ಲವೋ ಹೇಳಲಿಲ್ಲ.
ನಾನೂ ಕೇಳಲಿಲ್ಲ."
ಆಮೇಲೆ ನನ್ನ ಕಡೆ ತಿರುಗಿ,
"ಬರ್ಚ್ ಆರು, ಪೈನ್ ಎರಡು ಹಾಕಲೇ?"

ಸೈಮಿ ಬರೆದುಕೊಂಡಳು:
ಅಡುಗೆ ಬಂಡಿ ಇಲ್ಲದ ಸೈನ್ಯ.
ಒಂದು, ರಾತೆಯ ರಸ್ತೆ.
ಎರಡು, ಫ್ರೆಂಚರು ತಮ್ಮ ಕುದುರೆಗಳನ್ನೇ ತಿನ್ನುತ್ತ
ಮಾಸ್ಕೋದಿಂದ ಮರಳಿದ ದಾರಿ.
ಹೋಲಿಕೆ: ಹಸಿವು.
ವ್ಯತ್ಯಾಸ:
ಅಲ್ಲಿಗೆ ಪೆನ್ಸಿಲ್ ನಿಂತಿತು.

ಮೇಷ್ಟ್ರು ಹುಹ್ತಾನೆನ್ ಒಪ್ಪುತ್ತಾರೋ ಇಲ್ಲವೋ.
"ಸಾರು ತಂತ್ರವಲ್ಲ, ಸರಬರಾಜು" ಅನ್ನಬಹುದು.
ಅವರು ಮಧ್ಯಾಹ್ನ ಊಟ ಮಾಡಿದ್ದರೆ
ಖಂಡಿತ ಅನ್ನುತ್ತಾರೆ.

ಏಳಕ್ಕೆ ಬಾಗಿಲು ಹಾಕುವಾಗ
ನಕಾಶೆಯ ಪುಟ ತೆರೆದೇ ಇತ್ತು.
ಎರಡೂ ಕಡೆಯ ನೀಲಿ ಬಾಣಗಳ ನಡುವೆ, ರಸ್ತೆಯ ಮೇಲೆ,
ಪೆನ್ಸಿಲ್ಲಿನಲ್ಲೊಂದು ಪುಟ್ಟ ಹಂಡೆ,
ಮೇಲೆ ಹೊಗೆಯ ಎರಡು ಎಳೆ.
ಲೈಬ್ರರಿ ಪುಸ್ತಕದಲ್ಲಿ ಗೀಚಿದರೆ ಎರಡು ಯೂರೋ ದಂಡ,
ಬಾಗಿಲಲ್ಲೇ ನಾನೇ ಬರೆದು ಅಂಟಿಸಿದ್ದೇನೆ.
ರಬ್ಬರು ಕೈಯಲ್ಲೇ ಇತ್ತು.
ಪುಸ್ತಕ ಮುಚ್ಚಿ ಅದರ ಜಾಗದಲ್ಲಿಟ್ಟೆ.

ಮನೆಗೆ ಬಂದು ಒಲೆ ಹೊತ್ತಿಸಿದೆ.
ಹೋದ ವರ್ಷದ ಸೌದೆ, ಚೆನ್ನಾಗಿ ಒಣಗಿತ್ತು.
ಆಲೂಗಡ್ಡೆ ಬೇಯುವಷ್ಟರಲ್ಲಿ
ಚಿಮಣಿಯಿಂದ ಹೊಗೆ ನೆಟ್ಟಗೆ ಮೇಲೆದ್ದಿರಬೇಕು.
ಯಾಕೋ,
ಕಾಡಿನ ಕಡೆಯ ಕಿಟಕಿಗೆ ಪರದೆ ಎಳೆದೆ.