ಸಡಿಲ ಬಿಡಿ

ದಿನಕ್ಕೆ ನಲವತ್ತು ಸಲ ಹೇಳುತ್ತೇನೆ, ರಿಲ್ಯಾಕ್ಸ್.
ಕಾರವಾರದ ದೊಡ್ಡಾಸ್ಪತ್ರೆ, ಹನ್ನೊಂದನೇ ಕೋಣೆ,
ಎದೆಗೆ ಆರು ರಬ್ಬರ್ ಬಟ್ಟಲು, ಕೈಕಾಲಿಗೆ ನಾಲ್ಕು ಚಿಮಟ,
ತಣ್ಣನೆ ಜೆಲ್ಲು.
ಮೈ ಬಿಗಿದರೆ ಗೆರೆ ನಡುಗುತ್ತದೆ,
ನಡುಗಿದ ಗೆರೆಯನ್ನು ಡಾಕ್ಟರು ವಾಪಸು ಕಳಿಸುತ್ತಾರೆ.
ಅದಕ್ಕೇ ಈ ಮಾತು. ದಯೆಯಿಂದಲ್ಲ.

ಪುಂಡಲೀಕ ಹರಿಕಂತ್ರನಿಗೆ ರಿಲ್ಯಾಕ್ಸ್ ಅಂದೆ,
ಕಣ್ಣು ಮುಚ್ಚಿ ಹಲ್ಲು ಕಚ್ಚಿದ.
ಸಡಿಲ ಬಿಡಿ ಅಂದೆ.
ಮಲಗಿದಲ್ಲೇ ನಕ್ಕ:
"ಅಕ್ಕಾ, ರಂಪಣಿ ಎಳೆಯುವಾಗ
ಸಡಿಲ ಬಿಡೂದು ತೆರೆ ಹಿಂದೆ ಸರಿಯೂ ಹೊತ್ತಿಗೆ ಮಾತ್ರ,
ಅದೂ ಒಂದು ಗೇಣು.
ಬಿಡದಿದ್ರೆ ಹಗ್ಗ ಅಂಗೈ ತಿಂತದೆ.
ಎರಡು ಗೇಣು ಬಿಟ್ರೆ
ಮೀನು ತಿನ್ನೂದು ಬೇರೆ ಯಾರೋ.
ಈಗ ನೀವೇ ಹೇಳಿ, ಎಷ್ಟು ಗೇಣು?"
ನನಗೇನು ಗೊತ್ತು.
ಒಂದು, ಅಂದೆ.
ಗೆರೆ ಸ್ವಚ್ಛ ಬಂತು.

ನಾನು ಘಟ್ಟದ ಮೇಲಿನವಳು. ಶಿರಸಿಯಲ್ಲಿ
ಎದುರು ಸಿಕ್ಕವರಿಗೆಲ್ಲ ಒಂದೇ ಪ್ರಶ್ನೆ: ಆರಾಮ?
ಉತ್ತರವೂ ಅದೇ, ದನಿ ಸ್ವಲ್ಪ ಇಳಿಸಿ: ಆರಾಮ.
ಆದರೆ ಆರಾಮಿಲ್ಲೆ ಅಂದರೆ
ನೆಗಡಿಯಿಂದ ಹಿಡಿದು ನಾಲ್ಕು ಜನ ಹೊರುವವರೆಗೆ
ಯಾವುದೂ ಆಗಬಹುದು.
"ಸಣ್ಣತ್ತೆಗೆ ಆರಾಮಿಲ್ಲೆ, ಬಂದು ಹೋಗು"
ಎಂದು ಫೋನು ಬಂದ ದಿನ
ದೇವಿಮನೆ ತಿರುವುಗಳುದ್ದಕ್ಕೂ
ಆ ಒಂದು ಶಬ್ದವನ್ನೇ ಅಳೆಯುತ್ತ ಕೂತಿದ್ದೆ.

ಅತ್ತೆ ಟೇಲರು. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡೇ
ಊರಿನ ಸುದ್ದಿಯೆಲ್ಲ ಹೇಳುವವಳು.
ನನ್ನ ಲಂಗಕ್ಕೆ ಟೇಪು ಹಿಡಿದು
"ಒಂದಿಂಚು ಸಡ್ಲ ಇರ್ಲಿ, ಬೆಳೆಯೋ ಕೂಸು" ಅಂದವಳು.
(ಆ ಒಂದಿಂಚು ನಾನು ಬೆಳೆಯಲೇ ಇಲ್ಲ.)
ಹೋಗಿ ಮುಟ್ಟಿದಾಗ ಗದ್ದಕ್ಕೆ ಬಟ್ಟೆ ಬಿಗಿದಿದ್ದರು.
ಒಂದು ಸೂಜಿಯನ್ನೂ ಬೀಳಿಸದ ದವಡೆ
ಬೆಳಗಿನ ಜಾವ ತಾನಾಗಿ ಬಿಟ್ಟುಕೊಂಡಿತ್ತಂತೆ.

ಯಂತ್ರದ್ದೂ ಒಂದು ಚಿಮಟ ಸಡಿಲ.
ರಬ್ಬರ್ ಬ್ಯಾಂಡು ಸುತ್ತಿದ್ದೇನೆ. ಹೊಸದಕ್ಕೆ ಬರೆದು ಎರಡು ವರ್ಷ.
ಪಕ್ಕದ ಲ್ಯಾಬಿನಿಂದ ಮಹಾಬಲನ ಮಂತ್ರ ಕೇಳುತ್ತಿರುತ್ತದೆ:
ಮುಷ್ಟಿ ಬಿಗಿ, ಇನ್ನೂ ಬಿಗಿ,
ಹಾಂ, ಈಗ ಬಿಡಿ.
ಅವನ ಕೆಲಸ ಸುಲಭ. ಬಿಡಲು ಏನಾದರೂ
ಮೊದಲು ಕೈಗೆ ಕೊಡುತ್ತಾನೆ.

ನೇವಿಯ ಗೋದಾಮಿನ ಕೆಲಸಕ್ಕೆ
ಫಿಟ್‌ನೆಸ್ ಬೇಕೆಂದು ಬಂದ ಕೃತೇಶನ ಅರ್ಜಿಯಲ್ಲಿ
ನನ್ನ ಶಬ್ದ ಅಚ್ಚಾಗಿತ್ತು:
ನಿರಾಶ್ರಿತರಿಗೆ ವಯೋಮಿತಿ ಸಡಿಲಿಕೆ, ಐದು ವರ್ಷ.
ಅವನ ಅಜ್ಜಿಯ ಬಾವಿ, ಮೀನು ಒಣಗಿಸುವ ಹೊಯ್ಗೆ,
ದೋಣಿ ಕಟ್ಟುವ ಹೊನ್ನೆಮರ
ಈಗ ಬೇಲಿಯಾಚೆ.
"ಅದರಲ್ಲಿ ನಾಲ್ಕು ತಿಂಗಳು ಉಳಿದದೆ, ಮೇಡಂ."
ಎದೆ ನಿಮಿಷಕ್ಕೆ ನೂರ ಹನ್ನೆರಡು.
ರಿಲ್ಯಾಕ್ಸ್ ಅನ್ನಲು ಬಾಯಿ ಬರಲಿಲ್ಲ.
ಫ್ಯಾನು ಜೋರು ಮಾಡಿದೆ.

ನಿನ್ನೆ ಬಂದವಳು ಶೆವಂತಿ ಪೆಡ್ನೇಕರ,
ದೇವಬಾಗದ ಕಡೆಯ ಹೋಟೆಲಿನಲ್ಲಿ ಕೋಣೆ ಸಾರಿಸುವವಳು.
ಗೇಟಿನಲ್ಲಿ ಫಲಕವಿದೆಯಂತೆ: ಬನ್ನಿ, ರಿಲ್ಯಾಕ್ಸ್ ಆಗಿ.
ಬಂದವರು ಸಡಿಲಾಗಲಿಕ್ಕೆ
ಇವಳು ಚಾದರ ಬಿಗಿಯಬೇಕು,
ಒಗೆದ ನಾಣ್ಯ ಪುಟಿಯುವಷ್ಟು. ದಿನಕ್ಕೆ ಹತ್ತೊಂಬತ್ತು ಹಾಸಿಗೆ.
ಇದನ್ನೆಲ್ಲ ಹೇಳುತ್ತ ಮಲಗಿದಳು,
ಕೊನೆಯ ಬಟ್ಟಲು ಒತ್ತುವಷ್ಟರಲ್ಲಿ
ಮಾತಿನ ನಡುವೆಯೇ ನಿದ್ದೆ.
ನಾನು ಬಾಯಿ ತೆರೆದಿರಲೂ ಇಲ್ಲ.

ಗೆರೆ ಬಂತು. ಹನ್ನೆರಡು ಸೆಕೆಂಡು ಸಾಕು,
ಹರಿದು ಫೈಲಿಗೆ ಸೇರಿಸಿದೆ.
ಹೊರಗೆ ಬೆಂಚಿನಲ್ಲಿ ಹದಿನಾಲ್ಕು ಜನ, ಒಬ್ಬರು ಬಾಗಿಲು ಬಡಿದರು.
ಪೇಪರು ಸಿಕ್ಕಿಕೊಂಡಿದೆ ಎಂದೆ.
ಒಬ್ಬ ಏನೋ ಬೈದ. ಬೈಯಲಿ.
ಅವಳ ಹಿಮ್ಮಡಿಯ ಬಿರುಕಿನಲ್ಲಿ ಫಿನಾಯಿಲಿನ ಬಿಳುಪು,
ಅರ್ಧ ತೆರೆದ ಬೆರಳು, ಅದರೊಳಗೆ ಬಸ್ಸಿನ ಟಿಕೇಟು.
ಆರು ನಿಮಿಷ ಕಾದೆ,
ಏಳೂ ಆಗಿರಬಹುದು.

ಎದ್ದವಳು ಸೆರಗು ಎಳೆದುಕೊಂಡು
ಮೊದಲು ಗಡಿಯಾರ ನೋಡಿದಳು. ಆಮೇಲೆ ನನ್ನನ್ನು.
"ಇಷ್ಟು ಹೊತ್ತಾಯ್ತಲ್ಲ," ಅಂದಳು,
"ದುಡ್ಡು ಜಾಸ್ತಿ ಆಗ್ತದಾ?"