ಯಾರದೂ ಅಲ್ಲದ ಬಟ್ಟಲು

ಜೂನ್ ತಿಂಗಳಲ್ಲಿ ಮುಹು ದ್ವೀಪಕ್ಕೆ ಕತ್ತಲೆ ಬರುವುದಿಲ್ಲ.
ಸಾಕು, ಇನ್ನು ಮಲಗು ಎನ್ನಲು
ಇರುಳೇ ಇಲ್ಲದ ಮೇಲೆ
ಯಾರು ಎನ್ನಬೇಕು?
ರಾತ್ರಿ ಹನ್ನೊಂದಕ್ಕೂ ಕಿಟಕಿಯಲ್ಲಿ ತೆಳು ಮಜ್ಜಿಗೆಯಂಥ ಬೆಳಕು,
ಮೇಜಿನ ಮೇಲೆ ಹದಿನೇಳನೆಯ ಕರಡು,
ಬೆರಳ ನಡುವೆ ಕೆಂಪು ಪೆನ್ಸಿಲ್ಲಿನ ಮೋಟು.

ಒಂಬತ್ತು ವರ್ಷದಿಂದ ಪ್ರೀದಿಕ್
ಕುಯ್ವಾಸ್ತು ಬಂದರಿನಲ್ಲಿ ಇಳಿಯುತ್ತಲೇ ಇದ್ದಾನೆ.
ಒಂದು ಕಾಲು ಹಲಗೆಯ ಮೇಲೆ, ಇನ್ನೊಂದು ಹಡಗಿನಲ್ಲಿ.
ಮೊದಲು ಮಂಜಿತ್ತು. ತೆಗೆದೆ.
ಗಾಳಿ ತಂದೆ, ಗಾಳಿಗೆ ಹಾರಲೆಂದು ಒಂದು ಟೋಪಿ,
ಟೋಪಿಗೊಂದು ಕಾರಣ, ಕಾರಣಕ್ಕೊಬ್ಬ ಚಿಕ್ಕಪ್ಪ,
ಚಿಕ್ಕಪ್ಪನಿಗೆ ನಲವತ್ತು ಪುಟ.
ಕೊನೆಗೆ ಅವನನ್ನು ಟೋಪಿ ಸಮೇತ ಹೊಡೆದುಹಾಕಿ
ಮತ್ತೆ ಮಂಜು ಕರೆಸಿದೆ.

ಕೋಟು ಬೂದು. ಅಲ್ಲ, ಪಾಚಿ ಹಸಿರು.
ಅಲ್ಲ, ಯಾರದೋ ಸತ್ತವರ ಕೋಟು, ತೋಳು ಗಿಡ್ಡ.
ನಿನ್ನೆ ಅಟ್ಟದಿಂದ ಮೂರನೆಯ ಕರಡು ಇಳಿಸಿ ನೋಡಿದರೆ
ಅಕ್ಷರಕ್ಕೆ ಅಕ್ಷರ ಇವತ್ತಿನದೇ ಸಾಲು:
ಬೂದು ಕೋಟಿನವನು ಮಂಜಿಗೆ ಇಳಿದ.
ಏಳು ವರ್ಷ ನಡೆದು
ಸ್ವಂತ ಮನೆಗೆ ಹಿತ್ತಿಲ ಬಾಗಿಲಿಂದ ಬಂದಿದ್ದೆ.
ನಗು ಬಂತು. ಆಮೇಲೆ ಬರಲಿಲ್ಲ.

ಒಪ್ಪವಾಗುತ್ತಿದೆ ಎಂಬುದಕ್ಕೂ
ಬರೀ ಬೇರೆಯಾಗುತ್ತಿದೆ ಎಂಬುದಕ್ಕೂ ನಡುವಿನ ಗಡಿ
ಎಲ್ಲೋ ಒಂಬತ್ತನೆಯದರಲ್ಲಿ ದಾಟಿರಬೇಕು.
ಯಾರೂ ಗಂಟೆ ಬಾರಿಸಲಿಲ್ಲ.
ತಾಲಿನ್ನಿನಿಂದ ವಿರ್ವೆ ಫೋನು ಮಾಡುವುದನ್ನೇ ಬಿಟ್ಟಿದ್ದಾಳೆ,
ಕ್ರಿಸ್‌ಮಸ್ಸಿಗೊಂದು ಕಾರ್ಡು,
ಒಳಗೆ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ.

ಪಕ್ಕದ ಮನೆಯ ಎಲ್ಮಾರ್ ದೋಣಿ ಕಟ್ಟುವವನು.
ಮುಗಿಯಿತೆಂದು ನಿನಗೆ ಹೇಗೆ ತಿಳಿಯುತ್ತದೆ, ಕೇಳಿದೆ
ಏನೋ ದೊಡ್ಡ ಮಾತು ಉದುರಲಿದೆ ಎಂದು ಮಡಿಲೊಡ್ಡಿ.
ಕುಂಚದ ಟಾರು ಒರೆಸುತ್ತ ಅಂದ:
"ಕೊಂಡವನು ಟ್ರಾಕ್ಟರ್ ತಂದಾಗ."

ಆಮೇಲೆ ಅವನೇ ಕೇಳಿದ: "ನಾಯಿ ಹೇಗಿದೆ?"
ಯಾವ ನಾಯಿ?
"ನಿನ್ನ ಪುಸ್ತಕದ್ದು. ಕುಂಟು ನಾಯಿ.
ಅವನು ಬರುವ ತನಕ ಬಾಗಿಲು ಕಾಯುತ್ತಿತ್ತಲ್ಲ."
ಕಾಲು ಮುರಿದು ಮಲಗಿದ್ದ ಚಳಿಗಾಲ
ಎರಡನೆಯ ಕರಡು ಓದಿದ್ದ.
ನಾಯಿಯನ್ನು ಐದನೆಯದರಲ್ಲಿ ತೆಗೆದಿದ್ದೆ.
ಕಾರಣ ನೆನಪಿಲ್ಲ. ಒಳ್ಳೆಯದೇ ಇದ್ದಿರಬೇಕು.
"ಚೆನ್ನಾಗಿದೆ" ಅಂದೆ.
"ಕೂದಲು ಬೆಳ್ಳಗಾಗಿರಬೇಕು ಈಗ."
"ಹೌದು. ಮೂತಿಯ ಹತ್ತಿರ."

ಮನೆಗೆ ಬಂದು ಪುಟ ಇನ್ನೂರ ಹನ್ನೆರಡು ತೆರೆದೆ.
ಬೊಗಳಿಲ್ಲ, ಉಗುರಿನ ಗೀರಿಲ್ಲ,
ಗುಡಿಸಿ ಸಾರಿಸಿ ಒರೆಸಿದ ಮನೆ.
ಆದರೆ ಹೊಸ್ತಿಲ ಪಕ್ಕ, ಪ್ಯಾರಾದ ನಟ್ಟನಡುವೆ,
ನೀರಿನ ಬಟ್ಟಲು.
ಹೇಗೆ ಉಳಿಯಿತೋ!
ನಾನು ಕಂಡಿಲ್ಲ, ವಿರ್ವೆ ಕಂಡಿಲ್ಲ,
ಹನ್ನೆರಡು ಕರಡು ಪಕ್ಕದಲ್ಲೇ ಹಾದುಹೋಗಿವೆ
ಒಂದು ಹನಿಯೂ ತುಳುಕದಂತೆ.

ಪೆನ್ಸಿಲ್ಲು ಅಂಚಿಗೆ ಬಂತು.
ಎರಡೇ ಪದ, ಹೊಡೆದರೆ ಹೋಯಿತು.
ಇಲ್ಲವೇ ನಾಯಿಯನ್ನೇ ವಾಪಸು ಕರೆಯಬಹುದು.
ಕರೆದರೆ ಅದಕ್ಕೊಂದು ಹೆಸರು, ಹೆಸರಿಗೊಂದು ಕಾರಣ,
ಕಾರಣಕ್ಕೊಬ್ಬ ಚಿಕ್ಕಪ್ಪ…
ನನ್ನ ಕೈಯ ಬುದ್ಧಿ ನನಗೆ ಗೊತ್ತು.

ಓದುವ ಯಾರೋ ಕೇಳಲಿ, ಇದು ಯಾರ ಬಟ್ಟಲು ಎಂದು.
ಕೇಳದೆಯೂ ಇರಲಿ.
ತೊಂಬತ್ತನೆಯ ಪುಟದಲ್ಲಿ ಒಂದು ವಾಕ್ಯ ಇನ್ನೂ ಕುಂಟುತ್ತಿದೆ,
ಬಿಟ್ಟಿದ್ದೇನೆ,
ಅದರ ನಡಿಗೆಯ ಗುರುತು ನನಗೆ ಈಗ ಹತ್ತಿತು.

ಇಳಿ, ಪ್ರೀದಿಕ್. ಹಲಗೆ ಒದ್ದೆಯಾಗಿದೆ, ಜೋಪಾನ.
ಯಾವ ಕೋಟಾದರೇನು, ಗುಂಡಿ ಹಾಕಿಕೋ.

ಅಂಚೆಯ ಹುಡುಗಿ ಬರುವುದು ಒಂಬತ್ತಕ್ಕೆ.
ಹುರಿ ಸುತ್ತಿ ಎರಡು ಗಂಟು ಹಾಕಿದೆ.
ಮೂರನೆಯದಕ್ಕೆ ಕೈ ಹೋಯಿತು,
ಹೋದ ಕೈಗೆ ಒಂದು ಲೋಟ ನೀರು ಹಿಡಿಸಿ
ಹೊರಗೆ ಬಂದು ಕೂತೆ.