ಅಚ್ಚು

ದಾದೂನ ಬಾಯಿ ನನ್ನ ಕಪಾಟಿನಲ್ಲಿದೆ.
ಮೇಲಿನ ಸಾಲು, ಕೆಳಗಿನ ಸಾಲು,
ಇನ್ನೂರಾ ಹದಿನೇಳೆಂಬ ಚೀಟಿ ಹಚ್ಚಿಕೊಂಡು
ಪ್ಲಾಸ್ಟರಿನಲ್ಲಿ ಕಚ್ಚಿ ಕೂತಿವೆ.

ಕಾಜುಬಾಗಿನ ಡಾಕ್ಟರು ಹಲ್ಲು ಕೀಳುತ್ತಾರೆ,
ಹಿಂದಿನ ಕೋಣೆಯಲ್ಲಿ ನಾನು ಹಲ್ಲು ಮಾಡುತ್ತೇನೆ.
ನನ್ನನ್ನು ಯಾರೂ ನೋಡಿದ್ದಿಲ್ಲ.
ಊರು ನಕ್ಕಾಗ ಮಾತ್ರ
ನನ್ನ ಕೆಲಸ ಅಲ್ಲಲ್ಲಿ ಕಾಣುತ್ತದೆ.

ಉಮಾಕಾಂತ ತಾಂಡೇಲ ಅಂದರೆ ಯಾರೋ ಏನೋ,
ದಾದೂ ಅಂದರೆ ಬೈತಖೋಲದ ಐಸೂ ತುಸು ಬೆವರುತ್ತದೆ.
ಮಾಜಾಳಿ ಗೇಟು ದಾಟುವ ಸಾರಾಯಿ,
ನಡುಗಡಲಲ್ಲಿ ಕೈ ಬದಲಿಸುವ ಡೀಸೆಲ್,
ಕಾಳಿಯ ತಳದಿಂದ ರಾತ್ರಿ ಏಳುವ ಮರಳು
ಎಲ್ಲಕ್ಕೂ ಅವನದೇ ಗಡಿಯಾರ.
ಶಾಲೆಗೆ ಬೆಂಚು ಕೊಟ್ಟಿದ್ದಾನೆ, ಹೆರಿಗೆಗೆ ಜೀಪು ಕಳಿಸುತ್ತಾನೆ,
ಸತ್ತವರ ಮನೆಗೆ ಎಲ್ಲರಿಗಿಂತ ಮೊದಲು ಬರುತ್ತಾನೆ.
ಕೆಲವೊಮ್ಮೆ ಸಾವಿಗಿಂತಲೂ ಮೊದಲು.

ಶಟರ್ ಅರ್ಧ ಎಳೆದ ಮೇಲೆ ಬಂದ.
ದವಡೆ ನೋವು, ಅಂದ.
ಡಾಕ್ಟರ ಕೈ ನಡುಗುತ್ತಿತ್ತು, ನನ್ನನ್ನು ಕರೆದರು.
ಗುಲಾಬಿ ಹಿಟ್ಟು ಕಲಸಿ ಆ ಬಾಯೊಳಗೆ
ಹೆಬ್ಬೆರಳಿಟ್ಟು ಒತ್ತಿದೆ. ಎರಡು ನಿಮಿಷ.
ಮಾತಾಡುವಂತಿಲ್ಲ, ಮೂಗಿನಲ್ಲೇ ಉಸಿರು.
ಅವನ ಕಣ್ಣಂಚಿಗೆ ನೀರು ಬಂತು.
ಎಲ್ಲರಿಗೂ ಬರುತ್ತದೆ, ಹಿಟ್ಟಿನ ಗುಣ ಅದು.

ಪ್ಲಾಸ್ಟರ್ ಒಣಗಿದಾಗ ಕಂಡೆ:
ದವಡೆಹಲ್ಲೆಲ್ಲ ಸವೆದು ಚಪ್ಪಟೆ,
ಬಂದರದ ಹಳೆ ಮೆಟ್ಟಿಲ ಹಾಗೆ.
ಹಗಲು ದನಿಯೆತ್ತದವನು
ರಾತ್ರಿಯಿಡೀ ನಿದ್ದೆಯಲ್ಲಿ ಏನನ್ನೋ ಅರೆಯುತ್ತಾನೆ.
"ಗಿರಣಿ ಪಕ್ಕ ಮಲಗಿದ ಹಾಗಾಗ್ತದೆ ಅಂತ
ಹೆಂಡ್ತಿ ಬೇರೆ ಕೋಣೆಗೆ ಹೋಗಿದ್ದಾಳೆ" ಎಂದು
ತಾನೇ ಹೇಳಿ ನಕ್ಕ.
ಕಚ್ಚಿಕೊಳ್ಳಲು ಮೆತ್ತನೆ ಪಟ್ಟಿ ಮಾಡಿಕೊಟ್ಟೆ.
ಆರು ತಿಂಗಳಿಗೊಮ್ಮೆ ತೂತು ಮಾಡಿ ತರುತ್ತಿದ್ದ.

ಆಮೇಲೆ, ತಿಳಮಾತಿಯ ಕರಿ ಮರಳಿಗೆ
ಮುಖವಿಲ್ಲದ ದೇಹವೊಂದು ಬಂದು ಬಿತ್ತು.
ಪೇದೆ ಸ್ಟೀಲ್ ಡಬ್ಬಿಯಲ್ಲಿ ಕೆಳದವಡೆ ತಂದ.
"ನಿಮ್ಮ ಕೆಲಸವಾ, ನೋಡಿ."

ಎಡಕ್ಕೆ ಮೂರು ಹಲ್ಲಿನ ಸೇತುವೆ.
ನಡುವಿನದು ಸ್ವಲ್ಪ ಹಳದಿ;
ರುಜಾರನ ಬೀಡಿಗೆ ಹೊಂದಲೆಂದು ನಾನೇ ಬಣ್ಣ ಬೆರೆಸಿದ್ದೆ.
ಮಗಳ ಮದುವೆಯೊಳಗೆ ಬೇಕು ಎಂದಿದ್ದ,
ಡೀಸೆಲ್ ದೋಣಿಯ ಡ್ರೈವರ್.
ಇನ್ನೂರು ರೂಪಾಯಿ ಬಾಕಿ ಇತ್ತು.

ಹೊರಗೆ ಬುಲೆಟ್ಟೊಂದು ಆಫ್ ಆಗದೆ ನಿಂತಿತ್ತು.

ಅಲ್ಲ ಅನ್ನಬೇಕಾದರೆ
ನಾಲಿಗೆ ಹೋಗಿ ಹಲ್ಲಿನ ಹಿಂದಕ್ಕೆ ತಾಗಬೇಕು.
ತಾಗಿತು.
"ಗೋವಾ ಕಡೆಯ ಕೆಲಸ ಇದು" ಎಂದು ಸೇರಿಸಿದೆ,
ಯಾರೂ ಕೇಳಿರಲಿಲ್ಲ.

ಮಾರನೇ ಬೆಳಿಗ್ಗೆ ಹೊಸ್ತಿಲಲ್ಲಿ ತೋಳುದ್ದದ ಇಸ್ವಣ,
ಬಾಯಿ ತುಂಬ ಐಸು.
ಹೆಂಡತಿ ರವೆ ಹಚ್ಚಿ ಹುರಿದಳು.
ನಾನು ಉಂಡೆ.

ರುಜಾರ್ ದಮಾಮಿನ ಹಡಗಿಗೆ ಹೋಗಿದ್ದಾನೆಂದು ಊರು ನಂಬಿದೆ.
ಅಪ್ಪ ಕಳಿಸಿದ್ದು ಎಂದು ತಿಂಗಳಾ ತಿಂಗಳಾ
ದಾದೂ ಆ ಮಗಳ ಕೈಗೆ ಲಕೋಟೆ ಕೊಡುತ್ತಾನೆ.
ಮದುವೆಯನ್ನೂ ಅವನೇ ನಿಂತು ಮಾಡಿಸಿದ.
ಫೋಟೋದಲ್ಲಿ ಅಪ್ಪ ನಿಲ್ಲುವ ಜಾಗದಲ್ಲಿ ನಗುತ್ತಿದ್ದಾನೆ.
ಮುಂದಿನ ಎರಡು ಹಲ್ಲು ನನ್ನವು,
ಒಳ್ಳೆ ಕೂತಿವೆ.

ರುಜಾರನ ಅಚ್ಚು ಒಡೆಯಬೇಕೆಂದು ಎಷ್ಟು ಸಲ ಇಳಿಸಿದೆನೋ.
ಇನ್ನೂರಾ ಹದಿನೇಳರ ಬೆನ್ನಿಗೇ ಇಟ್ಟಿದ್ದೇನೆ,
ಒಂದು ಇನ್ನೊಂದನ್ನು ಮರೆಮಾಡುವ ಹಾಗೆ.

ಮೊನ್ನೆ ನಡುರಾತ್ರಿ ನನ್ನ ಹೆಂಡತಿ
ದಿಂಬೆತ್ತಿಕೊಂಡು ಹೊರಕೋಣೆಗೆ ಹೋದಳು.
ಯಾಕೆ ಅಂದೆ.
"ಏನೋ ಅರೀತಾ ಇದ್ರಿ" ಅಂದಳು.